ಹದಿನಾಲ್ಕು ಅಳತೆಗಳು

ಗ್ರಾಫಿಕ್ ಡಿಸೈನ್ ವೃತ್ತಿಗೆ ಹೊಸದಾಗಿ ಕಾಲಿಟ್ಟವರ ಪಾಲಿಗೆ ತಪ್ಪದೆ ಬರುತ್ತಿದ್ದ ಕೆಲಸವೊಂದಿತ್ತು. ಜಾಹೀರಾತಿನ ಮುಖ್ಯ ವಿನ್ಯಾಸವನ್ನು ಹಿರಿಯರು ಸಿದ್ಧಪಡಿಸಿ, ಗ್ರಾಹಕರು ಅದಕ್ಕೆ ಒಪ್ಪಿಗೆ ಕೊಟ್ಟ ಮೇಲೆ, ಅದನ್ನೇ ಬೇರೆ ಬೇರೆ ಅಳತೆಗಳಿಗೆ ಹೊಂದಿಸಿಕೊಡಬೇಕಾಗಿತ್ತು: ಜಾಲತಾಣದ ನೆತ್ತಿಯ ಮೇಲೆ ಕೂರುವ 728×90 ಪಿಕ್ಸೆಲ್‌ಗಳ ಪಟ್ಟಿ, ಬದಿಯಲ್ಲಿ ಕಂಬದಂತೆ ನಿಲ್ಲುವ 160×600, ಬರಹದ ನಡುವೆ ನುಸುಳುವ 300×250, ಇತ್ತೀಚಿನ ವರ್ಷಗಳಲ್ಲಾದರೆ ಫೋನಿನ ಪರದೆಯನ್ನು ಪೂರ್ತಿ ತುಂಬುವ 1080×1920. ಎಲ್ಲ ಸೇರಿ ಹದಿನಾಲ್ಕು ಅಳತೆಗಳಾದರೂ ಇರುತ್ತಿದ್ದವು. ನಮ್ಮ ಸ್ಟುಡಿಯೊದಲ್ಲಿ ಇದಕ್ಕೆ ‘ಅಳತೆ ಕೆಲಸ’ ಎಂದೇ ಹೆಸರು. ಯಾರಿಗೂ ಇಷ್ಟವಿಲ್ಲದ, ಎರಡು ದಿನ ಕತ್ತು ಬಗ್ಗಿಸಿ ಮಾಡಬೇಕಾದ, ಮಾಡಿ ಮುಗಿಸಿದರೂ ಯಾರೂ ಭೇಷ್ ಎನ್ನದ ಕೆಲಸ ಅದು. ಈಗ ಒಂದು ಗುಂಡಿ ಒತ್ತಿದರೆ ಹದಿನಾಲ್ಕೂ ಅಳತೆಗಳು ಅರ್ಧ ನಿಮಿಷದಲ್ಲಿ ಸಾಲಾಗಿ ಬಂದು ನಿಲ್ಲುತ್ತವೆ. ಆ ಗುಂಡಿ ನಮ್ಮಲ್ಲಿಗೆ ಬಂದ ದಿನ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವನು ನಾನೇ. ಅಳತೆ ಕೆಲಸ ಹೋಗುವಾಗ ತನ್ನೊಂದಿಗೆ ಏನನ್ನು ಎತ್ತಿಕೊಂಡು ಹೋಯಿತೆಂದು ಅರ್ಥವಾಗಲು ನನಗೆ ಸುಮಾರು ಎರಡು ವರ್ಷ ಹಿಡಿಯಿತು.

ನಾನು ಮೊದಲ ಸಲ ಅಳತೆ ಕೆಲಸ ಮಾಡಿದಾಗ ಕೈಗೆ ಬಂದದ್ದು 468×60ರ ಸಣ್ಣ ಪಟ್ಟಿ. ಮೂಲ ವಿನ್ಯಾಸದಲ್ಲಿ ಒಂದು ದೊಡ್ಡ ಛಾಯಾಚಿತ್ರ, ಒಂಬತ್ತು ಪದಗಳ ತಲೆಬರಹ, ಅದರ ಕೆಳಗೆ ಎರಡು ಸಾಲು ವಿವರಣೆ, ದಿನಾಂಕ ಮತ್ತು ಲಾಂಛನ ಇದ್ದವು. ನಾನು ಎಲ್ಲವನ್ನೂ ಕುಗ್ಗಿಸಿ, ಒಂದನ್ನೂ ಬಿಡದೆ ಆ ಪಟ್ಟಿಯೊಳಗೆ ತುರುಕಿದೆ. ನನ್ನ ಮೇಲಿನ ಹಿರಿಯರು ಪರದೆಯ ಮುಂದೆ ಬಂದು ನಿಂತು, ಏನೂ ಹೇಳದೆ, ನನ್ನನ್ನು ಕುರ್ಚಿಯಿಂದ ಎಬ್ಬಿಸಿ ನಾಲ್ಕು ಹೆಜ್ಜೆ ಹಿಂದಕ್ಕೆ ಕಳುಹಿಸಿದರು. ‘ಅಲ್ಲಿಂದ ಓದು ನೋಡೋಣ’ ಎಂದರು. ನಾನು ಓದಲಾರದೆ ನಿಂತಾಗ ಅವರು ಕೇಳಿದ ಮುಂದಿನ ಪ್ರಶ್ನೆ ಇಂದಿಗೂ ನನ್ನ ಕಿವಿಯಲ್ಲಿದೆ: ‘ಇದರಲ್ಲಿ ಒಂದೇ ಒಂದನ್ನು ಉಳಿಸು ಎಂದರೆ ಯಾವುದನ್ನು ಉಳಿಸುತ್ತೀಯ?’ ಮೂಲ ವಿನ್ಯಾಸವನ್ನು ನೋಡಿ ನೋಡಿ ಕಣ್ಣಿಗೆ ರೂಢಿಯಾಗಿದ್ದ ನನಗೆ, ಅದರಲ್ಲಿ ಯಾವುದು ಮುಖ್ಯ, ಯಾವುದು ಜೊತೆಗಾರ, ಯಾವುದು ಬರಿಯ ಅಲಂಕಾರ ಎಂಬ ವಿಚಾರವೇ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಛಾಯಾಚಿತ್ರವನ್ನು ತೆಗೆದೆ. ವಿವರಣೆಯನ್ನು ತೆಗೆದೆ. ತಲೆಬರಹದ ಮೂರು ಪದಗಳು, ದಿನಾಂಕ ಮತ್ತು ಲಾಂಛನ ಉಳಿದವು. ವಿನ್ಯಾಸದಲ್ಲಿ ಆದ್ಯತೆಯ ಕ್ರಮ ಎಂದು ತರಗತಿಯಲ್ಲಿ ಒಂದು ವರ್ಷ ಕೇಳಿದ್ದ ಮಾತು ಆ ಮಧ್ಯಾಹ್ನ ಕೈಗೆ ಇಳಿಯಿತು.

ನಾನು ಹೇಳಬೇಕೆಂದಿರುವುದು ಇಷ್ಟೇ. ಸುಲಭವಾದ ಉಪಕರಣಗಳು ವಿನ್ಯಾಸಕರ ಕಷ್ಟದ ಕೆಲಸವನ್ನು ಕಿತ್ತುಕೊಳ್ಳುತ್ತವೆ ಎಂದು ಎಲ್ಲರೂ ಹೆದರುತ್ತಿದ್ದಾರೆ, ಆದರೆ ಅವು ಮೊದಲು ಕಿತ್ತುಕೊಂಡದ್ದು ನಮ್ಮ ಸುಲಭದ ಕೆಲಸವನ್ನು. ಮತ್ತು ಕಷ್ಟದ ಕೆಲಸವನ್ನು ಕಲಿಯಲು ನಮಗಿದ್ದ ದಾರಿ ಆ ಸುಲಭದ ಕೆಲಸವೇ ಆಗಿತ್ತು.

ಇಂಥ ಬದಲಾವಣೆ ಇದೇ ಮೊದಲಲ್ಲ ಎಂಬ ಸಮಾಧಾನದ ಮಾತು ಈ ಚರ್ಚೆ ಬಂದಾಗಲೆಲ್ಲ ಕೇಳಿಬರುತ್ತದೆ. ಅದು ನಿಜವೂ ಹೌದು. 1886ರಲ್ಲಿ ಓಟ್‌ಮಾರ್ ಮರ್ಗೆಂಥಾಲರ್ ರೂಪಿಸಿದ ಲೈನೋಟೈಪ್ ಯಂತ್ರ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ಕೆಲಸ ಆರಂಭಿಸಿದಾಗ, ಒಂದೊಂದೇ ಅಚ್ಚಿನ ಮೊಳೆಯನ್ನು ಹೆಕ್ಕಿ ಜೋಡಿಸುವ ಬದಲು ಇಡೀ ಸಾಲನ್ನೇ ಬಿಸಿ ಲೋಹದಲ್ಲಿ ಎರಕ ಹೊಯ್ಯುವುದು ಸಾಧ್ಯವಾಯಿತು. ಆ ಯಂತ್ರಗಳೂ ಶಾಶ್ವತವಾಗಲಿಲ್ಲ. 1978ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅವುಗಳಿಗೆ ವಿದಾಯ ಹೇಳಿ ಕಂಪ್ಯೂಟರ್ ಜೋಡಣೆಗೆ ಬಂತು. ಅದಾದ ಏಳು ವರ್ಷಗಳೊಳಗೆ ಇನ್ನೊಂದು ಅಲೆ ಬಂತು: 1984ರಲ್ಲಿ ಆ್ಯಪಲ್‌ನ ಮ್ಯಾಕಿಂಟಾಶ್ ಕಂಪ್ಯೂಟರ್, 1985ರಲ್ಲಿ ಅದೇ ಕಂಪನಿಯ ಲೇಸರ್‌ರೈಟರ್ ಮುದ್ರಕ, ಅದರೊಳಗೆ ಪುಟದ ರೂಪವನ್ನು ಮುದ್ರಕಕ್ಕೆ ವಿವರಿಸುವ ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಭಾಷೆ, ಮೇಲೆ ಆಲ್ಡಸ್ ಕಂಪನಿಯ ಪುಟವಿನ್ಯಾಸ ತಂತ್ರಾಂಶ ಪೇಜ್‌ಮೇಕರ್. ಈ ನಾಲ್ಕು ಒಂದೇ ಮೇಜಿನ ಮೇಲೆ ಕೂಡಿದ ಕೂಡಲೇ ಅಕ್ಷರ ಜೋಡಿಸುವವರು, ಪುಟಕ್ಕೆ ಅಂಟಿಸುವವರು, ಗೆರೆ ಎಳೆಯುವವರು ಮಾಡುತ್ತಿದ್ದ ಕೆಲಸ ಒಬ್ಬನೇ ವಿನ್ಯಾಸಕನ ಕೈಗೆ ಬಂತು.

ಈ ಕಥೆಯನ್ನು ವಿನ್ಯಾಸಕರಾದ ನಾವು ಯಾವಾಗಲೂ ಗೆಲುವಿನ ಕಥೆಯಾಗಿ ಹೇಳಿಕೊಂಡಿದ್ದೇವೆ. ಪೇಜ್‌ಮೇಕರ್ ಬಂತು, ನಮ್ಮ ಕೈಗೆ ಸ್ವಾತಂತ್ರ್ಯ ಬಂತು, ಕೆಲಸ ಹೆಚ್ಚಿತು, ವೃತ್ತಿ ಬೆಳೆಯಿತು. ಅಕ್ಷರ ಜೋಡಿಸುವವರ ಕಡೆಯಿಂದ ಅದೇ ಕಥೆಯನ್ನು ಕೇಳಿದರೆ ಹಾಗಿರುವುದಿಲ್ಲ. 1986ರ ಜನವರಿಯಲ್ಲಿ ಲಂಡನ್ನಿನ ವಾಪಿಂಗ್‌ನಲ್ಲಿ, ಪತ್ರಕರ್ತರೇ ನೇರವಾಗಿ ಕಂಪ್ಯೂಟರಿಗೆ ಬರಹ ತುಂಬುವ ಹೊಸ ಮುದ್ರಣಾಲಯದ ವಿಚಾರವಾಗಿ ಮುಷ್ಕರ ಹೂಡಿದ ಸುಮಾರು 6,000 ಕಾರ್ಮಿಕರು ಕೆಲಸ ಕಳೆದುಕೊಂಡರು. ಒಂದು ವರ್ಷ ಕಾದಾಡಿದರೂ ಅದು ಮರಳಿ ಬರಲಿಲ್ಲ. ಅವರ ಕೆಲಸ ಮಾಯವಾಗಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಅದು ಪಕ್ಕದ ಮೇಜಿಗೆ ಜಾರಿತು. ಸಾಲಿನ ಅಂತರ, ಪದ ಒಡೆಯುವ ಜಾಗ, ಉದ್ಧರಣ ಚಿಹ್ನೆಯ ದಿಕ್ಕು, ಕಪ್ಪು ಶಾಯಿಯ ಮೇಲೆ ಇನ್ನೊಂದು ಬಣ್ಣ ಬೀಳುವ ಬಗೆ, ಇವೆಲ್ಲವನ್ನೂ ಏಳು ವರ್ಷ ಕಲಿತವರು ನೋಡಿಕೊಳ್ಳುತ್ತಿದ್ದ ಜಾಗದಲ್ಲಿ ಏಳು ವಾರ ಕಲಿತ ನಾವು ನೋಡಿಕೊಳ್ಳತೊಡಗಿದೆವು, ಅದಕ್ಕೆಂದು ಬೇರೆ ಸಂಬಳವೇನೂ ಇಲ್ಲದೆ. ಆ ಕಾಲದ ಅನೇಕ ಪುಟಗಳನ್ನು ಈಗ ತೆಗೆದು ನೋಡಿದರೆ, ಒಂದೇ ಪುಟದಲ್ಲಿ ಆರು ಫಾಂಟ್‌ಗಳು ಜಗಳವಾಡುವುದನ್ನು ಕಾಣಬಹುದು.

ಆದ್ದರಿಂದಲೇ 2013ರಲ್ಲಿ ಕ್ಯಾನ್ವಾ ಎಂಬ ವಿನ್ಯಾಸದ ಜಾಲತಾಣ ಬಂದು, ಸಿದ್ಧ ಟೆಂಪ್ಲೇಟ್‌ಗಳನ್ನು ಎಲ್ಲರ ಕೈಗೂ ಕೊಟ್ಟಾಗ ನಮ್ಮವರು ಎಬ್ಬಿಸಿದ ಗದ್ದಲವನ್ನು ಕೇಳಿ ನನಗೆ ಸ್ವಲ್ಪ ಮುಜುಗರವಾಗಿತ್ತು. 1985ರಲ್ಲಿ ಕೆಲಸ ಅಕ್ಷರ ಜೋಡಿಸುವ ಕಂಪೋಸಿಟರ್‌ನಿಂದ ವಿನ್ಯಾಸಕನ ಮೇಜಿಗೆ ಜಾರಿತು. ಈಗ ವಿನ್ಯಾಸಕನಿಂದ ಗ್ರಾಹಕನ ಮೇಜಿಗೆ ಜಾರುತ್ತಿದೆ. ಮೊದಲನೆಯದರ ಫಲವನ್ನು ಉಂಡವರು ಎರಡನೆಯದನ್ನು ಅನ್ಯಾಯ ಎನ್ನುವುದು ಹೇಗೆ? ಶಾಲೆಯ ವಾರ್ಷಿಕೋತ್ಸವದ ಆಹ್ವಾನ ಪತ್ರಕ್ಕೆ, ಹಳೆಯ ವಿದ್ಯಾರ್ಥಿಗಳ ಸಭೆಯ ಪ್ರಕಟಣೆಗೆ ವಿನ್ಯಾಸಕರು ಬೇಕಾಗಿಲ್ಲ ಎಂದಾದರೆ ಅದರಲ್ಲಿ ತಪ್ಪೇನಿಲ್ಲ ಎಂದೇ ನನ್ನ ಅಭಿಪ್ರಾಯ. ನಿಜ ಹೇಳಬೇಕೆಂದರೆ, ಆ ಕೆಲಸಗಳನ್ನು ನಾವು ಯಾವತ್ತೂ ಮನಸ್ಸಿಟ್ಟು ಮಾಡಿರಲಿಲ್ಲ. ಹೊಸಬರ ಕೈಗೆ ದೂಡುತ್ತಿದ್ದೆವು. ಆ ಹೊಸಬರಿಗೆ ಅವೇ ಪಾಠಶಾಲೆಯಾಗಿದ್ದವು ಎಂಬುದು ಆಗ ನಮ್ಮ ಲೆಕ್ಕದಲ್ಲಿರಲಿಲ್ಲ.

2022ರ ನಂತರದ ಬದಲಾವಣೆ ಬೇರೆ ಬಗೆಯದು. ಆ ಒಂದೇ ವರ್ಷದಲ್ಲಿ, ಮಾತಿನಲ್ಲಿ ಬರೆದುದನ್ನು ಚಿತ್ರವಾಗಿಸಿ ಕೊಡುವ ಡಾಲ್-ಈ 2, ಮಿಡ್‌ಜರ್ನಿ, ಸ್ಟೇಬಲ್ ಡಿಫ್ಯೂಷನ್ ಮೂರೂ ಜನರ ಕೈಗೆ ಬಂದವು. ಮರು ವರ್ಷ ಫೋಟೋಶಾಪ್‌ನೊಳಗೇ, ಬೇಕಾದುದನ್ನು ಮಾತಿನಲ್ಲಿ ಬರೆದರೆ ಚಿತ್ರದ ಖಾಲಿ ಜಾಗವನ್ನು ತುಂಬಿಕೊಡುವ ಸೌಲಭ್ಯ ಸೇರಿತು. ಟೆಂಪ್ಲೇಟ್‌ನ ಹಿಂದೆ ಅದನ್ನು ಯೋಚಿಸಿ ಮಾಡಿದ ವಿನ್ಯಾಸಕನೊಬ್ಬ ಇರುತ್ತಾನೆ. ಅವನ ಆಯ್ಕೆಗಳನ್ನು ನಾವು ಎರವಲು ಪಡೆಯುತ್ತೇವೆ. ಈ ಹೊಸ ಉಪಕರಣಗಳಲ್ಲಿ ಹಾಗೆ ಯಾರೂ ಇಲ್ಲ. ಅವು ಆಯ್ಕೆ ಮಾಡುವುದಿಲ್ಲ, ಆಯ್ಕೆಗೆ ಬೇಕಾದ ಸರಕನ್ನು ಸುರಿಯುತ್ತವೆ.

ಆ ಸುರಿಮಳೆಯನ್ನು ನಾನು ಹತ್ತಿರದಿಂದ ಕಂಡದ್ದು ಒಂದು ಸಂದರ್ಶನದಲ್ಲಿ. ಬಂದಿದ್ದ ಯುವಕನ ಪೋರ್ಟ್‌ಫೋಲಿಯೊದಲ್ಲಿ ಕಾಲ್ಪನಿಕ ಗ್ರಂಥಾಲಯವೊಂದಕ್ಕೆ ಮಾಡಿದ ನಲವತ್ತು ಲಾಂಛನಗಳಿದ್ದವು. ಎಲ್ಲವೂ ಒಂದೇ ಸಂಜೆಯಲ್ಲಿ ಆದವು ಎಂದು ಅವನು ಮುಚ್ಚುಮರೆಯಿಲ್ಲದೆ ಹೇಳಿದ. ನೋಡಲು ಒಂದೂ ಕೆಟ್ಟದಾಗಿರಲಿಲ್ಲ. ‘ಇವುಗಳಲ್ಲಿ ನೀವು ಯಾವುದನ್ನು ಕೊಡುತ್ತೀರಿ?’ ಎಂದು ಕೇಳಿದೆ. ‘ಅವರು ಯಾವುದನ್ನು ಮೆಚ್ಚುತ್ತಾರೋ ಅದನ್ನು, ಸರ್’ ಎಂದ. ಹನ್ನೊಂದನೆಯದರಲ್ಲಿ, ತೆರೆದ ಪುಸ್ತಕದ ಹಾಳೆಗಳನ್ನು ಕೂದಲೆಳೆಯಷ್ಟು ಸಣ್ಣ ಗೆರೆಗಳಲ್ಲಿ ತೋರಿಸಲಾಗಿತ್ತು. ಬ್ರೌಸರ್‌ನ ಟ್ಯಾಬ್‌ನಲ್ಲಿ ಕೂರುವ 16 ಪಿಕ್ಸೆಲ್‌ಗಳ ಚಿಹ್ನೆಯಾಗಿ ಇದು ಹೇಗೆ ಕಾಣುತ್ತದೆ, ರಬ್ಬರ್ ಮೊಹರಿನಲ್ಲಿ ಈ ಗೆರೆಗಳು ಏನಾಗುತ್ತವೆ ಎಂದು ಕೇಳಿದಾಗ ಅವನ ಮುಖದಲ್ಲಿ ಕಂಡದ್ದು ಅವಮಾನವಾಗಿರಲಿಲ್ಲ, ಆಶ್ಚರ್ಯವಾಗಿತ್ತು. ಇಂಥ ಪ್ರಶ್ನೆಯೊಂದು ಇದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಯಾರು ಹೇಳಬೇಕಾಗಿತ್ತು? ರಬ್ಬರ್ ಮೊಹರಿಗೆ ಲಾಂಛನವನ್ನು ಇಳಿಸುವ ಕೆಲಸವನ್ನು ಮೊದಲ ವರ್ಷದಲ್ಲಿ ನಾವು ಅವನಂಥವರಿಗೇ ಕೊಡುತ್ತಿದ್ದೆವು. ಆ ಹುದ್ದೆಯನ್ನು ತೆಗೆದುಹಾಕಿದವನು ನಾನು. ಅಳತೆಯ ಗುಂಡಿ ಬಂದ ಮೇಲೆ ಎರಡು ವರ್ಷ ನಮ್ಮಲ್ಲಿ ಒಬ್ಬ ತರಬೇತಿ ವಿನ್ಯಾಸಕರನ್ನೂ ತೆಗೆದುಕೊಂಡಿರಲಿಲ್ಲ, ಮತ್ತು ಅದನ್ನು ಉಳಿತಾಯ ಎಂದು ಬರೆದುಕೊಂಡಿದ್ದೆ.

ಇಪ್ಪತ್ತು ವರ್ಷ ಕೆಲಸ ಮಾಡಿದವರಿಗೆ ಇದರಿಂದ ಅಪಾಯವಿಲ್ಲ ಎಂದುಕೊಳ್ಳುವಂತೆಯೂ ಇಲ್ಲ. ನೀರೆತ್ತುವ ಪಂಪೊಂದರ ಬಳಕೆಯ ಕೈಪಿಡಿಗೆ ನಾನು ಮುಖಪುಟ ಮಾಡುತ್ತಿದ್ದೆ. ಛಾಯಾಚಿತ್ರ ಅಡ್ಡವಾಗಿತ್ತು, ಪುಟ ಉದ್ದವಾಗಿತ್ತು. ಮೇಲೆ ಕೆಳಗೆ ಹಿನ್ನೆಲೆಯನ್ನು ಬೆಳೆಸಬೇಕಾಗಿತ್ತು, ಜೊತೆಗೆ ಕತ್ತರಿಸುವಾಗ ಬಿಳಿ ಅಂಚು ಕಾಣದಿರಲೆಂದು ಸುತ್ತಲೂ 3 ಮಿಲಿಮೀಟರ್ ಬ್ಲೀಡ್ ಬೇಕಿತ್ತು. ಹಿಂದಾಗಿದ್ದರೆ ಕ್ಲೋನ್ ಸ್ಟಾಂಪ್ ಹಿಡಿದು ಗೋಡೆಯ ಒಂದೊಂದು ಚೂರನ್ನೂ ನಕಲು ಮಾಡಿ ಹಚ್ಚುತ್ತಾ ಮುಕ್ಕಾಲು ಗಂಟೆ ಕೂರುತ್ತಿದ್ದೆ. ಈ ಸಲ ಜಾಗವನ್ನು ಗುರುತುಮಾಡಿ ತುಂಬಲು ಹೇಳಿದೆ. ಹತ್ತು ಹದಿನೈದು ಸೆಕೆಂಡಿನಲ್ಲಿ ಗೋಡೆ ಬಂತು, ನೆರಳು ಬಂತು, ಅರ್ಧಕ್ಕೆ ಕತ್ತರಿಸಿದ್ದ ಕೊಳವೆ ಮುಂದುವರಿಯಿತು. ಬೆಳಕಿನ ದಿಕ್ಕು ಸರಿಯಾಗಿತ್ತು, ಚಿತ್ರದ ಕಣಗಳೂ ಹೊಂದಿಕೊಂಡಿದ್ದವು. ತೃಪ್ತಿಯಿಂದ ಕಳುಹಿಸಿಕೊಟ್ಟೆ. ಕರಡು ನೋಡಿದ ಗ್ರಾಹಕರ ಕಡೆಯ ಹಿರಿಯ ಎಂಜಿನಿಯರ್ ಒಬ್ಬರು ಫೋನ್ ಮಾಡಿ ಬಹಳ ಸೌಜನ್ಯದಿಂದ ಕೇಳಿದರು: ‘ಈ ವಾಲ್ವ್ ನಮ್ಮ ಪಂಪಿನಲ್ಲಿ ಇಲ್ಲವಲ್ಲ, ಇದನ್ನು ಯಾರು ಜೋಡಿಸಿದರು?’ ಕೊಳವೆಯ ತುದಿಯಲ್ಲಿ ಉಪಕರಣವು ತನ್ನ ಪಾಡಿಗೆ ತಾನು ಒಂದು ಪುಟ್ಟ ವಾಲ್ವನ್ನು ಕೂರಿಸಿತ್ತು. ಅಂಥದೊಂದು ಮುಖಪುಟ ಅಚ್ಚಾಗಿ ಹೋಗಿದ್ದರೆ, ಇಲ್ಲದ ವಾಲ್ವನ್ನು ತಿರುಗಿಸಲು ಹುಡುಕುವವರ ಪಾಡೇನು?

ಆ ತಪ್ಪು ಉಪಕರಣದ್ದಲ್ಲ, ನನ್ನದು. ಆದರೆ ಅದು ಹೇಗೆ ನನ್ನ ಕಣ್ತಪ್ಪಿತು ಎಂದು ಆಮೇಲೆ ಯೋಚಿಸಿದೆ. ಕ್ಲೋನ್ ಸ್ಟಾಂಪ್ ಹಿಡಿದ ಮುಕ್ಕಾಲು ಗಂಟೆಯಲ್ಲಿ ನಾನು ಗೋಡೆಯನ್ನು ಬೆಳೆಸುತ್ತಿದ್ದೆ ಎಂದಷ್ಟೇ ಅಂದುಕೊಂಡಿದ್ದೆ. ಜೊತೆಗೇ ಚಿತ್ರದ ಪ್ರತಿ ಅಂಗುಲವನ್ನೂ ನೋಡುತ್ತಿದ್ದೆ ಎಂಬುದು ಗೊತ್ತಿರಲಿಲ್ಲ. ಕೈ ನಿಧಾನವಾಗಿದ್ದಾಗ ಕಣ್ಣಿಗೆ ಬೇರೆ ಗತಿಯಿರುವುದಿಲ್ಲ, ನೋಡಲೇಬೇಕು. ಕೈಯ ಕೆಲಸ ತಪ್ಪಿದಾಗ ನೋಡುವುದೂ ತಪ್ಪಿತು, ಮತ್ತು ನೋಡುವುದನ್ನು ಪ್ರತ್ಯೇಕ ಕೆಲಸವಾಗಿ ಮಾಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಲಿಸಾನ್ ಬೇನ್‌ಬ್ರಿಜ್ ಎಂಬ ಮನಶ್ಶಾಸ್ತ್ರಜ್ಞೆ 1983ರಲ್ಲೇ ಕಾರ್ಖಾನೆಗಳ ಸ್ವಯಂಚಾಲಿತ ನಿಯಂತ್ರಣದ ಬಗ್ಗೆ ಬರೆಯುತ್ತಾ ಈ ವಿಪರ್ಯಾಸವನ್ನು ಗುರುತಿಸಿದ್ದರು. ಯಂತ್ರಕ್ಕೆ ಒಪ್ಪಿಸಬಹುದಾದುದನ್ನೆಲ್ಲ ಒಪ್ಪಿಸಿದ ಮೇಲೆ ಮನುಷ್ಯನಿಗೆ ಉಳಿಯುವುದು ಯಂತ್ರದ ಮೇಲೆ ಕಣ್ಣಿಡುವ ಮತ್ತು ಅದು ಎಡವಿದಾಗ ಕೈಹಾಕುವ ಕೆಲಸ. ಹಾಗೆ ಕೈಹಾಕಲು ಬೇಕಾದ ನೈಪುಣ್ಯ ಮಾತ್ರ ದಿನನಿತ್ಯದ ಅಭ್ಯಾಸವಿಲ್ಲದೆ ಸವೆದುಹೋಗುತ್ತಿರುತ್ತದೆ. ನನ್ನ ವಾಲ್ವಿಗೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ. ನನಗಾದರೂ ಸವೆಯಲು ಒಂದಿಷ್ಟು ನೈಪುಣ್ಯವಿತ್ತು. ಸಂದರ್ಶನಕ್ಕೆ ಬಂದಿದ್ದ ಆ ಯುವಕನಿಗೆ ಅದನ್ನು ಗಳಿಸುವ ಅವಕಾಶವೇ ಸಿಕ್ಕಿರಲಿಲ್ಲ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಈ ಕಣ್ಣು ಎಷ್ಟು ಅಗತ್ಯ ಎಂಬುದು ದಿನಕ್ಕೆ ನಾಲ್ಕು ಬಾರಿಯಾದರೂ ಗೊತ್ತಾಗುತ್ತದೆ. ಪುಟ ವಿನ್ಯಾಸದ ಉಪಕರಣಗಳಲ್ಲಿ ಸಾಲಿನ ಅಂತರ ಸಾಮಾನ್ಯವಾಗಿ ಅಕ್ಷರದ ಗಾತ್ರದ 120 ಪ್ರತಿಶತ ಎಂದು ತಾನಾಗಿಯೇ ನಿಗದಿಯಾಗಿರುತ್ತದೆ, ಅಂದರೆ 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಸಾಲು. ರೋಮನ್ ಲಿಪಿಗೆ ಅದು ಹೇಳಿ ಮಾಡಿಸಿದ ಹಾಗಿದೆ. ‘ರಾಷ್ಟ್ರ’ ಎಂಬ ಪದವನ್ನು ಅದರಲ್ಲಿ ಕೂರಿಸಿ ನೋಡಿ. ಷಕಾರದ ಅಡಿಗೆ ಇಳಿದ ಎರಡು ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸಿನ ಮೇಲೆ ಬಂದು ಕೂರುತ್ತವೆ. ಗಾತ್ರವನ್ನು ತಾನೇ ಹೊಂದಿಸುವ ಗುಂಡಿಗೆ ಇದು ಕಾಣುವುದಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ಪೆಟ್ಟಿಗೆಗಳು ಪೆಟ್ಟಿಗೆಗಳೊಳಗೆ ಸರಿಯಾಗಿಯೇ ಇವೆ. ಚಿತ್ರ ಸೃಷ್ಟಿಸುವ ಉಪಕರಣಗಳಿಂದ ನಾನು ಕನ್ನಡ ಫಲಕವಿರುವ ಚಿತ್ರವನ್ನು ಕೇಳಿದಾಗಲಂತೂ ಅನೇಕ ಸಲ ಬಂದದ್ದು ದೂರದಿಂದ ಕನ್ನಡದಂತೆ ಕಾಣುವ, ಹತ್ತಿರ ಹೋದರೆ ಯಾವ ಅಕ್ಷರವೂ ಅಲ್ಲದ ದುಂಡು ಗೆರೆಗಳ ಸಾಲು. ಇದು ಮುಂದೆ ಸರಿಹೋಗಬಹುದು. ಸರಿಹೋಗಿದೆಯೇ ಎಂದು ಹೇಳಬಲ್ಲವರು ಆಗಲೂ ಬೇಕಾಗುತ್ತಾರೆ.

ಹಾಗಾದರೆ ವೃತ್ತಿಯಲ್ಲಿ ಯಾವ ಕೆಲಸಗಳು ಉಳಿಯುತ್ತವೆ ಎಂದು ಓದುಗರಲ್ಲಿ ಕೆಲವರಾದರೂ ಕೇಳುತ್ತೀರಿ. ನನ್ನ ಸುತ್ತ ಕಾಣುವುದನ್ನಷ್ಟೇ ಹೇಳಬಲ್ಲೆ. ಚಿತ್ರದಿಂದ ಹಿನ್ನೆಲೆಯನ್ನು ಕತ್ತರಿಸಿಕೊಡುವ ಕೆಲಸವನ್ನೇ ನಂಬಿದ್ದವರಿಗೆ, 2018ರಲ್ಲಿ ಒಂದೇ ಕ್ಲಿಕ್ಕಿಗೆ ವಸ್ತುವನ್ನು ಗುರುತಿಸುವ ಸೌಲಭ್ಯ ಫೋಟೋಶಾಪಿಗೆ ಬಂದ ಮೇಲೆ ಕಾಲ ಕಷ್ಟವಾಗುತ್ತಲೇ ಬಂದಿದೆ. ಸಣ್ಣಪುಟ್ಟ ಲಾಂಛನ, ಸಾಮಾಜಿಕ ಜಾಲತಾಣಗಳ ದಿನದ ಪೋಸ್ಟರ್, ಸರಳ ಜಾಲಪುಟ ಇವು ಗ್ರಾಹಕರ ಕೈಗೇ ಹೋಗಿವೆ, ಮರಳಿ ಬರುವುದಿಲ್ಲ. ಪ್ಯಾಕೇಜಿನ ಮೇಲಿನ ಎಚ್ಚರಿಕೆಯ ಸಾಲು, ಆಸ್ಪತ್ರೆಯೊಳಗಿನ ದಾರಿಸೂಚಕ ಫಲಕ, ಔಷಧದ ಚೀಟಿ, ಹಣ ಕಳುಹಿಸುವ ಪರದೆ, ಹೀಗೆ ತಪ್ಪಾದರೆ ಯಾರಾದರೂ ಉತ್ತರ ಕೊಡಬೇಕಾದ ವಿನ್ಯಾಸಗಳು ಮಾತ್ರ ಇನ್ನೂ ಮನುಷ್ಯರ ಬಳಿಗೇ ಬರುತ್ತಿವೆ. ಜಾಲಪುಟದಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಪ್ರಕಾಶವ್ಯತ್ಯಾಸ ಇರಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯನ್ನು ಉಪಕರಣವೂ ಅಳೆಯಬಲ್ಲದು. ಬಿಸಿಲಿನಲ್ಲಿ ನಿಂತು, ಒಡೆದ ಪರದೆಯ ಫೋನಿನಲ್ಲಿ, ಕನ್ನಡಕ ಮರೆತು ಬಂದವರು ಓದಬೇಕಾದ ಪರದೆ ಇದು ಎಂಬುದನ್ನು ಅದಕ್ಕೆ ಹೇಳಬೇಕಾದವರು ನಾವು.

ಹಣದ ವಿಚಾರದಲ್ಲಿ ಒಂದು ಮಾತು. ಗಂಟೆಗಳ ಲೆಕ್ಕದಲ್ಲಿ ಶುಲ್ಕ ಪಡೆಯುವ ಪದ್ಧತಿ ನಮ್ಮನ್ನು ಈಗ ಪೇಚಿಗೆ ಸಿಕ್ಕಿಸಿದೆ. ಎರಡು ದಿನದ ಕೆಲಸ ಎರಡು ನಿಮಿಷಕ್ಕೆ ಇಳಿದರೆ, ಎರಡು ನಿಮಿಷದ ಶುಲ್ಕವನ್ನೇ ಕೊಡುತ್ತೇವೆ ಎನ್ನುವ ಗ್ರಾಹಕರ ವಾದದಲ್ಲಿ ತರ್ಕದೋಷವೇನಿಲ್ಲ. ನಾವು ಇಷ್ಟು ವರ್ಷ ನಮ್ಮ ಆಯ್ಕೆಯನ್ನು ಉಚಿತವಾಗಿ ಕೊಟ್ಟು, ಅದನ್ನು ಕಾರ್ಯಗತಗೊಳಿಸಿದ ಕೈಗೆ ಮಾತ್ರ ಶುಲ್ಕ ಹಾಕಿದೆವು. ಕೈಯ ಬೆಲೆ ಬಿದ್ದಾಗ ಆಯ್ಕೆಗೆ ಬೆಲೆ ಕೇಳುವುದು ನಮಗೂ ಸಂಕೋಚ, ಕೊಡುವುದು ಅವರಿಗೂ ಅಭ್ಯಾಸವಿಲ್ಲ. ಒಡೆತನದ ಪ್ರಶ್ನೆ ಬೇರೆ ಇದೆ: 2023ರ ಫೆಬ್ರವರಿಯಲ್ಲಿ ಅಮೆರಿಕದ ಕೃತಿಸ್ವಾಮ್ಯ ಕಚೇರಿಯು, ಮಿಡ್‌ಜರ್ನಿಯಿಂದ ಪಡೆದ ಚಿತ್ರಗಳಿದ್ದ ಚಿತ್ರಕಥೆಯೊಂದರಲ್ಲಿ ಬರಹಕ್ಕೂ ಜೋಡಣೆಗೂ ಹಕ್ಕನ್ನು ಉಳಿಸಿ, ಆ ಚಿತ್ರಗಳಿಗೆ ಹಕ್ಕಿಲ್ಲ ಎಂದಿತು. ಆಗಿನಿಂದ, ಲಾಂಛನದಲ್ಲಿ ಎಷ್ಟು ಭಾಗ ಕೈಯದು, ಎಷ್ಟು ಭಾಗ ಉಪಕರಣದ್ದು ಎಂದು ಗ್ರಾಹಕರಿಗೆ ಲಿಖಿತವಾಗಿ ತಿಳಿಸುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ.

ಕಳೆದ ವರ್ಷದಿಂದ ತರಬೇತಿ ಹುದ್ದೆಯನ್ನು ಮತ್ತೆ ತೆರೆದಿದ್ದೇವೆ. ಲೆಕ್ಕಪತ್ರದ ದೃಷ್ಟಿಯಿಂದ ಅದಕ್ಕೆ ಸಮರ್ಥನೆ ಕೊಡುವುದು ಕಷ್ಟ, ನಾನು ಕೊಟ್ಟೂ ಇಲ್ಲ. ಈಗಿರುವವರು ಒಬ್ಬ ಯುವತಿ. ನಮಗೆಲ್ಲರಿಗಿಂತ ಚೆನ್ನಾಗಿ ಹೊಸ ಉಪಕರಣಗಳನ್ನು ಬಲ್ಲವರು. ಅವರಿಗೊಂದು ನಿಯಮ ಮಾಡಿದ್ದೇನೆ: ಹದಿನಾಲ್ಕರಲ್ಲಿ ಮೂರು ಅಳತೆಗಳನ್ನು, ಎಂದರೆ ಅತಿ ಅಗಲದ್ದು, ಅತಿ ಉದ್ದದ್ದು ಮತ್ತು ಅತಿ ಚಿಕ್ಕದ್ದನ್ನು, ಕೈಯಿಂದಲೇ ಮಾಡಬೇಕು, ಆಮೇಲೆ ಗುಂಡಿ ಒತ್ತಿ, ಅದು ಮಾಡಿದ ಮೂರನ್ನು ತಮ್ಮ ಮೂರರ ಪಕ್ಕದಲ್ಲಿಟ್ಟು ನೋಡಬೇಕು. ಗುಂಡಿ ಗೆದ್ದರೆ ಅದನ್ನೇ ಕಳುಹಿಸಬಹುದು. ಮೊದಲ ತಿಂಗಳು ಅವರಿಗೆ ಇದು ಮುದುಕನ ಹಠವಾಗಿ ಕಂಡಿರಬೇಕು, ಮುಖದಲ್ಲಿ ತೋರಿಸಲಿಲ್ಲ. ಗುಂಡಿ ನಾಲ್ಕೈದು ಬಾರಿ ಗೆದ್ದಿತು ಕೂಡ.

ಹೋದ ವಾರ ಒಂದು ಪ್ರದರ್ಶನದ ಜಾಹೀರಾತಿಗೆ ಅವರು 728×90ರ ಪಟ್ಟಿಯನ್ನು ಮಾಡುತ್ತಿದ್ದರು. ಗುಂಡಿಯ ಪಟ್ಟಿಯಲ್ಲಿ ಮೂಲ ವಿನ್ಯಾಸದ ಐದೂ ಅಂಶಗಳಿದ್ದವು, ದಿನಾಂಕ ಏಳು ಪಿಕ್ಸೆಲ್ ಎತ್ತರಕ್ಕೆ ಇಳಿದಿತ್ತು. ಅವರ ಪಟ್ಟಿಯಲ್ಲಿ ಚಿತ್ರವಿರಲಿಲ್ಲ, ವಿವರಣೆಯಿರಲಿಲ್ಲ. ಬರಹವೆಂದರೆ ಪ್ರದರ್ಶನದ ಹೆಸರು ಮತ್ತು ದಿನಾಂಕ ಎರಡೇ, ನಾಲ್ಕು ಹೆಜ್ಜೆ ದೂರದಿಂದಲೂ ಓದುವಂತಿದ್ದವು. ಬಲತುದಿಯಲ್ಲಿ ಲಾಂಛನ ಇಕ್ಕಟ್ಟಿನಲ್ಲಿ ನಿಂತಿತ್ತು. ‘ಸರ್, ತಲೆಬರಹದಲ್ಲೇ ಹೆಸರಿದೆ. ಈ ಅಳತೆಯಲ್ಲಿ ಲಾಂಛನ ಇರಲೇಬೇಕೇ?’ ಎಂದು ಕೇಳಿದರು. ಇಪ್ಪತ್ತು ವರ್ಷಗಳಲ್ಲಿ ನಾನು ಒಂದು ಪಟ್ಟಿಯಿಂದಲೂ ಲಾಂಛನವನ್ನು ತೆಗೆದಿಲ್ಲ; ತೆಗೆಯಬಹುದೇ ಎಂದು ಯೋಚಿಸಿಯೂ ಇರಲಿಲ್ಲ. ಗ್ರಾಹಕರ ನಂಬರು ಒತ್ತಿ, ಆ ಯುವತಿಯೇ ಕೇಳಲೆಂದು ಫೋನನ್ನು ಅವರ ಕೈಗೆ ಕೊಟ್ಟೆ.